ಹನ್ನೆರಡು ವಾರದ ಸೀಟು

ಅವಳು ದಿಂಬಿನ ಚೀಲ ಕಳಚಿ, ಕೆಳಗಿನ ಹಾಸನ್ನು ನಾಲ್ಕು ಮೂಲೆಯಿಂದ ಬಿಡಿಸಿ ಉಂಡೆ ಮಾಡಿ ಬುಟ್ಟಿಗೆ ಹಾಕಿದಳು. ಒಗೆದ ಹಾಸನ್ನು ಒಮ್ಮೆ ಕೊಡವಿ ಹರಡಿದಳು. ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಅಂಗೈಯಿಂದ ಸುಕ್ಕು ಒತ್ತಿದಳು. ಹೋದವರು ಏನಾದರೂ ಮರೆತಿದ್ದಾರೆಯೇ ಎಂದು ಮೇಜಿನ ಖಾನೆಯಲ್ಲಿ ಕೈಯಾಡಿಸಿದಳು. ಕೋಟೆ ನೋಡಿದ ಟಿಕೆಟ್ಟು ಒಂದು, ಹೇರ್‌ಪಿನ್ನು ಒಂದು ಸಿಕ್ಕವು. ಚಿಕ್ಕಮ್ಮ ಆಚೆ ಗೋಡೆಯ ಕನ್ನಡಿ ಒರೆಸುತ್ತಿದ್ದಳು.

ಈ ಮನೆಯಲ್ಲಿ ಉಳಿಯುವವರು ಇಂಗ್ಲಿಷ್ ಕಲಿಯಲು ದೂರದ ದೇಶಗಳಿಂದ ಬಂದವರು. ಬೆಳಿಗ್ಗೆ ಪೇಟೆಯ ಶಾಲೆಯಲ್ಲಿ ಪಾಠ, ಮಧ್ಯಾಹ್ನ ಕೋಟೆಯೋ ದೋಣಿಯೋ, ಸಂಜೆ ಒಂದು ಸಂಸಾರದ ಜೊತೆ ಊಟ ಮತ್ತು ಮಾತು. ಓದಿದ ಹಾಗೂ ಆಯಿತು, ಊರು ನೋಡಿದ ಹಾಗೂ ಆಯಿತು. ಶಾಲೆಯ ಪುಸ್ತಿಕೆಯಲ್ಲಿ ಬರೆದಿದ್ದ 'ಸಂಸಾರ' ಅಂದರೆ ಈ ಚಿಕ್ಕಮ್ಮ-ಚಿಕ್ಕಪ್ಪನೇ. ಬಂದವರ ಹೆಸರಿಗೆ ನಾಲಿಗೆ ಹೊರಳದ್ದರಿಂದ ಚಿಕ್ಕಪ್ಪ ಅವರನ್ನು ವಾರದ ಲೆಕ್ಕದಲ್ಲಿ ಕರೆಯುತ್ತಿದ್ದ. ನಿನ್ನೆ ಹೋದವಳು 'ನಾಲ್ಕು ವಾರದವಳು'. ಪಕ್ಕದ ಕೋಣೆಯಲ್ಲಿ ಇರುವವರು 'ಎಂಟು ವಾರದಮ್ಮ', ತಮ್ಮ ಊರಿನ ಕನ್ನಡಕದ ಅಂಗಡಿಯನ್ನು ಮಗಳ ಕೈಗೆ ಒಪ್ಪಿಸಿ ಬಂದವರು. ಶಾಲೆಯ ವ್ಯಾನು ಓಡಿಸುವ ಚಿಕ್ಕಪ್ಪನೇ ಊಟದ ಮೇಜಿನಲ್ಲಿ ಮಾತಾಡಿಸುವವನು. ಅವನ ಬಳಿ ಇದ್ದದ್ದು ಒಟ್ಟು ಮೂರು ಕಥೆ. ಎರಡು ವಾರದವರಿಗೆ ಅದು ಸಾಕು, ಎಂಟು ವಾರದವರಿಗೆ ಸಾಲದು.

ಹಾಸಿಗೆ ಬದಲಿಸುತ್ತಿದ್ದ ಅವಳು ಓದಲು ಬಂದವಳಲ್ಲ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟಿದ್ದಳು. ಎರಡು ವರ್ಷದ ಹಿಂದೆ ಊರಿನಿಂದ ಈ ದೇಶಕ್ಕೆ ಕರೆಸಿಕೊಳ್ಳುವಾಗ ಚಿಕ್ಕಮ್ಮ ಫೋನಿನಲ್ಲಿ ಹೇಳಿದ್ದಳು: "ಎರಡು ವರ್ಷ ಕೋಣೆ ಖಾಲಿ ಬೀಳದ ಹಾಗೆ ನಡೆಸಿದ ಮನೆಗೆ ಶಾಲೆಯವರು ಒಂದು ಸೀಟು ಪುಕ್ಕಟೆ ಕೊಡ್ತಾರೆ ಕಣೇ. ಹನ್ನೆರಡು ವಾರದ ಕ್ಲಾಸು. ಅದು ನಿಂದೇ ಅಂತಿಟ್ಕೋ."

ಅಂತೆಯೇ ಇಟ್ಟುಕೊಂಡಿದ್ದಳು. ಕ್ಲಾಸಿನ ಕೊನೆಗೆ ಇಂಗ್ಲಿಷ್ ಬರುತ್ತದೆಂಬ ಒಂದು ಸರ್ಟಿಫಿಕೇಟು ಸಿಗುತ್ತದೆ. ರಸ್ತೆಯ ತುದಿಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಆಶ್ರಮವಿತ್ತು. ಅಲ್ಲಿ ಕೆಲಸ ಕೇಳಿಕೊಂಡು ಒಮ್ಮೆ ಹೋಗಿದ್ದಳು. ಕೌಂಟರಿನ ಹೆಂಗಸು ಒಳ್ಳೆಯವಳೇ. "ಸರ್ಟಿಫಿಕೇಟು ತಂದರೆ ನಾಳೆಯೇ ಬಾ" ಅಂದಿದ್ದಳು. ಕೆಲಸದ ಜೊತೆ ಅಲ್ಲೇ ಉಳಿಯಲು ಒಂದು ಕೋಣೆಯೂ ಇತ್ತು.

ಎರಡು ವರ್ಷ ಸೋಮವಾರಕ್ಕೆ ತುಂಬಿತ್ತು. ಅವತ್ತೇ ಶಾಲೆಯಿಂದ ಬಂದ ಸೀಟಿನ ಅರ್ಜಿ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿತ್ತು. ಅದನ್ನು ಒಯ್ಯಲು ಇವತ್ತು ಶಾಲೆಯಿಂದ ಮನೆ ನೋಡುವ ಮೇಡಂ ಬರುವವರಿದ್ದರು.

"ಇದಾದ ಮೇಲೆ ನಿನ್ನ ಕೋಣೆನೂ ಖಾಲಿ ಮಾಡು," ಅಂದಳು ಚಿಕ್ಕಮ್ಮ, ಕನ್ನಡಿಯಲ್ಲೇ ನೋಡುತ್ತ.

"ಯಾಕೆ ಚಿಕ್ಕಮ್ಮ?"

"ಮೇಡಂ ನೋಡ್ತಾರೆ. ಅಡ್ಡಾದಿಡ್ಡಿ ಕಂಡ್ರೆ ಚೆನ್ನಾಗಿರಲ್ಲ."

"ಎಷ್ಟು ಖಾಲಿ ಮಾಡ್ಲಿ?"

"ಪೂರ್ತಿ."

ಪೂರ್ತಿ ಅಂದರೆ ಎರಡು ಚೀಲ. ಹಾಲು ಕಾಯುವಷ್ಟು ಹೊತ್ತೂ ಹಿಡಿಯಲಿಲ್ಲ. ಚೀಲಗಳನ್ನು ಬಟ್ಟೆ ಒಗೆಯುವ ಯಂತ್ರದ ಹಿಂದೆ ಇಟ್ಟು ಅಡುಗೆಮನೆಗೆ ಬಂದು ಅರ್ಜಿಯ ಮುಂದೆ ನಿಂತಳು. ಅಷ್ಟು ಇಂಗ್ಲಿಷನ್ನು ಅವಳು ಓದಬಲ್ಲಳು. ಎರಡು ಚೌಕಗಳಿದ್ದವು. ಒಂದು, ಮನೆಯವರೊಬ್ಬರಿಗೆ ಹನ್ನೆರಡು ವಾರದ ಸೀಟು. ಇನ್ನೊಂದು, ಅದರ ಬದಲಿಗೆ ಮೂರನೇ ಅತಿಥಿಯನ್ನು ಇಟ್ಟುಕೊಳ್ಳಲು ಒಪ್ಪಿಗೆ. ಎರಡನೆಯದರ ಒಳಗೆ ಪೆನ್ಸಿಲಿನ ತೆಳು ಗೀಟು ಕಂಡಿತು.

ಚಿಕ್ಕಪ್ಪ ನೀರು ಕುಡಿಯಲು ಬಂದ. "ಏನು ಮೂಗಿ, ಫ್ರಿಜ್ಜಿಗೆ ಹರಕೆ ಹೊತ್ತಿದ್ದೀಯಾ?" ಮಾತು ಕಡಿಮೆ ಎಂದು ಅವನೇ ಇಟ್ಟ ಹೆಸರು ಅದು.

"ಈ ಗೀಟು ಯಾರು ಹಾಕಿದ್ದು ಚಿಕ್ಕಪ್ಪ?"

ಅವನು ಲೋಟ ಖಾಲಿ ಮಾಡಿದ. "ನಿಮ್ಮ ಚಿಕ್ಕಮ್ಮನ್ನ ಕೇಳಮ್ಮ. ವ್ಯಾನಿನ ಸ್ಟೀರಿಂಗ್ ಒಂದು ನನ್ನ ಕೈಲಿದೆ. ಮಿಕ್ಕಿದ್ದೆಲ್ಲ ಅವಳ ಕೈಲಿ."

ಕೇಳಬೇಕಾಗಲಿಲ್ಲ. ಚಿಕ್ಕಮ್ಮ ಬಾಗಿಲಲ್ಲೇ ಇದ್ದಳು.

"ನೀನು ಬೆಳಿಗ್ಗೆ ಪುಸ್ತಕ ಹಿಡ್ಕೊಂಡು ಹೊರಟ್ರೆ ಹಾಸಿಗೆ ತಾನಾಗೇ ಮಡಿಚಿಕೊಳ್ಳುತ್ತಾ ಹೇಳು. ನಾನೇನು ಇಲ್ಲ ಅಂದ್ನಾ? ಇನ್ನೆರಡು ವರ್ಷಕ್ಕೆ ಇನ್ನೊಂದು ಸೀಟು ಬಂದೇ ಬರುತ್ತೆ."

"ನಾನು ಎಲ್ಲಿ ಮಲಗ್ಲಿ?"

"ಹಾಲ್ ಇಲ್ವಾ. ನಾವು ಮದುವೆಯಾದ ಹೊಸದರಲ್ಲಿ ಅಡುಗೆಮನೇಲಿ ಮಲಗಿದ್ವಿ, ಇವರನ್ನ ಕೇಳು."

"ನನ್ನ ಯಾಕೆ ಎಳೀತೀಯ?" ಅಂದ ಚಿಕ್ಕಪ್ಪ, ಲೋಟ ತೊಳೆಯುತ್ತ.

ಅವಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದರೆ ಬೇರೆ ಯಾರದೋ ಕಾಲು ಅನಿಸುತ್ತದಲ್ಲ, ಹಾಗಿತ್ತು. ಬೀನ್ಸ್ ಇದ್ದ ತಟ್ಟೆ ಎಳೆದುಕೊಂಡು ನಾರು ತೆಗೆಯತೊಡಗಿದಳು.

ಮೇಡಂ ನಾಲ್ಕು ಗಂಟೆಗೆ ಬಂದರು. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಅಳತೆಯ ಟೇಪು. ಅವಳು ಖಾಲಿ ಮಾಡಿದ ಕೋಣೆಯಲ್ಲಿ ಟೇಪಿನ ಒಂದು ತುದಿಯನ್ನು ಅವಳ ಕೈಗೆ ಕೊಟ್ಟು ಗೋಡೆಗೆ ಒತ್ತಿ ಹಿಡಿಯಲು ಹೇಳಿದರು. ಹಿಡಿದಳು. ಉದ್ದ ಆಯಿತು, ಅಗಲ ಆಯಿತು.

"ಈಗ ಇಲ್ಲಿ ಯಾರು ಮಲಗುತ್ತಾರೆ?" ಮೇಡಂ ಕೇಳಿದರು.

"ಯಾರೂ ಇಲ್ಲ. ಸಾಮಾನು ಇಡುತ್ತೇವೆ," ಅಂದಳು ಚಿಕ್ಕಮ್ಮ.

ಮೇಡಂ ಒಮ್ಮೆ ಅವಳ ಕಡೆ ನೋಡಿದರು. ಅವಳು ಟೇಪಿನ ತುದಿ ಬಿಟ್ಟಳು. ಅದು ಸರ್ರನೆ ಓಡಿ ಮೇಡಂ ಕೈಯ ಡಬ್ಬಿಯೊಳಗೆ ಸೇರಿಕೊಂಡಿತು.

ಟೀ ಹೊತ್ತಿಗೆ ಎಂಟು ವಾರದಮ್ಮನೂ ಮೇಜಿಗೆ ಬಂದು ಕೂತರು. ಅತಿಥಿಗಳಿದ್ದಾಗ ಮೇಜಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದೆಂಬುದು ಶಾಲೆಯ ನಿಯಮ. ಆದ್ದರಿಂದ ಎಲ್ಲರೂ ಇಂಗ್ಲಿಷಿನಲ್ಲೇ ಬಿಸ್ಕತ್ತು ಕೊಟ್ಟರು, ಇಂಗ್ಲಿಷಿನಲ್ಲೇ ಬೇಡ ಅಂದರು. ಅವಳು ಟೀ ಹಂಚಿ ಗೋಡೆಗೆ ಒರಗಿ ನಿಂತಳು.

ಮೇಡಂ ಒಂದು ಹಾಳೆ ಬಿಡಿಸಿದರು. ಎಂಟು ವಾರದಮ್ಮ ಮನೆಯ ಬಗ್ಗೆ ಬರೆದುಕೊಟ್ಟ ಅಭಿಪ್ರಾಯ ಅದು. ಗಟ್ಟಿಯಾಗಿ ಓದಿದರು: "ಪಾತ್ರೆ ತೊಳೆಯುವ ಹೊತ್ತಿನಲ್ಲಿ ಈ ಹುಡುಗಿಯ ಜೊತೆ ಮಾತಾಡುತ್ತೇನೆ. ಅವಳು ನಿಧಾನ. ನಾನೂ ನಿಧಾನ. ಅವಳು ನನ್ನನ್ನು ನೋಡಿ ನಗುವುದಿಲ್ಲ. ತರಗತಿಗಿಂತ ಹೆಚ್ಚು ಇಲ್ಲಿ ಕಲಿತೆ."

ಎಂಟು ವಾರದಮ್ಮ ಹೌದೆಂದು ತಲೆಯಾಡಿಸಿ, ಕೈ ಚಾಚಿ ಅವಳ ಮಣಿಕಟ್ಟು ತಟ್ಟಿದರು. ಒಳ್ಳೆಯದನ್ನೇ ಬರೆದಿದ್ದರು ಪಾಪ.

"ನೋಡಿ, ಅವಳಿಗೆ ಆಗಲೇ ಚೆನ್ನಾಗಿ ಬರುತ್ತದೆ," ಅಂದಳು ಚಿಕ್ಕಮ್ಮ, ಮೇಡಂಗೆ. ಆಮೇಲೆ ಗಂಡನ ಕಡೆ ಬಾಗಿ ತಮ್ಮ ಭಾಷೆಯಲ್ಲಿ ಮೆಲ್ಲಗೆ, "ಕೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯೋದ್ಯಾಕೆ" ಅಂದಳು. ಚಿಕ್ಕಪ್ಪ ಬಿಸ್ಕತ್ತನ್ನು ಟೀಯಲ್ಲಿ ಅದ್ದಿದ. ಅರ್ಧ ಮುರಿದು ಒಳಗೆ ಬಿತ್ತು. ಅದನ್ನೇ ಚಮಚದಿಂದ ಹುಡುಕುತ್ತ ಕೂತ.

"ಹಾಗಾದರೆ ಎರಡನೆಯ ಚೌಕ," ಅಂದರು ಮೇಡಂ. ಫ್ರಿಜ್ಜಿನಿಂದ ಅರ್ಜಿ ಬಿಡಿಸಿ ತಂದು ಚಿಕ್ಕಮ್ಮನ ಮುಂದೆ ಇಟ್ಟು ಪೆನ್ನು ಕೊಟ್ಟರು. ಚಿಕ್ಕಮ್ಮ ಕನ್ನಡಕ ಹಾಕಿಕೊಂಡಳು.

ಅವಳು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಇಂಗ್ಲಿಷಿನಲ್ಲಿ, ಸಿಂಕಿನ ಹತ್ತಿರ ಎಂಟು ವಾರದಮ್ಮನ ಜೊತೆ ಮಾತಾಡುವಷ್ಟೇ ನಿಧಾನವಾಗಿ ಹೇಳಿದಳು: "ನಾನು ಕ್ಲಾಸಿಗೆ ಹೋಗಬೇಕು. ನನಗೆ ಆ ಸರ್ಟಿಫಿಕೇಟು ಬೇಕು."

ಮೇಡಂ ಚಿಕ್ಕಮ್ಮನನ್ನು ನೋಡಿದರು. ಚಿಕ್ಕಮ್ಮ ಅರ್ಜಿಯನ್ನು ನೋಡುತ್ತಿದ್ದಳು. ಎಂಟು ವಾರದಮ್ಮ ನಗುತ್ತಲೇ ಇದ್ದರು, ಆಮೇಲೆ ನಗು ನಿಲ್ಲಿಸಿ ಬಿಸ್ಕತ್ತಿನ ಪುಡಿಯನ್ನು ಬೆರಳಿನಿಂದ ಒಂದೆಡೆ ಕೂಡಿಸತೊಡಗಿದರು.

"ಚಿಕ್ಕಮ್ಮ," ಅಂದಳು ಅವಳು, ಈಗ ತನ್ನ ಭಾಷೆಯಲ್ಲಿ, "ಮೊದಲನೇ ಚೌಕದಲ್ಲಿ ನನ್ನ ಹೆಸರು ಬರೀರಿ."