ಗಾಣದೆತ್ತಿನ ಜೊತೆಗಾತಿ

ಮನುಷ್ಯರು ಹೊಡೆದು, ದುಡಿಸಿ, ಆಮೇಲೆ ಮರೆತುಬಿಟ್ಟ ಪ್ರಾಣಿಗಳೆಲ್ಲ ಬಂದು ಸೇರುವ ಊರೊಂದಿತ್ತು. ಒಂದು ಕೆರೆ, ಕೆರೆಯ ಏರಿಯ ಪಕ್ಕ ಹುಲ್ಲುಗಾವಲು, ಗಾವಲಿನ ಅಂಚಿನಲ್ಲಿ ಹುಣಿಸೆಮರ, ಮರದ ಕೆಳಗೆ ಒಂದು ಶಾಲೆ. ಆ ಊರಿಗೆ ಬಂದವರು ಮೈಮೇಲಿನ ಗಾಯ ಒಣಗಿದ ಮೇಲೂ ಯಾವುದೋ ಹಳೆಯ ಹೆದರಿಕೆಯನ್ನು ಹೊತ್ತುಕೊಂಡೇ ತಿರುಗುತ್ತಿದ್ದರು. ಹಿತ್ತಲಲ್ಲಿ ಕಟ್ಟಿಹಾಕಿ ಮರೆತುಹೋಗಿದ್ದ ನಾಯಿಯೊಂದು, ಹಗ್ಗ ಕಳಚಿ ವರ್ಷ ಕಳೆದರೂ ಹಗ್ಗದಷ್ಟು ದೂರ ಮಾತ್ರ ಓಡಾಡುತ್ತಿತ್ತು. ಅಂಥವರ ಪಕ್ಕದಲ್ಲಿ ಹೇಗಿರಬೇಕು ಎಂದು ಕಲಿಸುವುದಕ್ಕಾಗಿಯೇ ಆ ಶಾಲೆ ಇತ್ತು. ಅಲ್ಲಿ ಕಲಿತವರನ್ನು ಜೊತೆಗಾರರು ಎನ್ನುತ್ತಿದ್ದರು.

ಶಾಲೆಯ ಮೇಷ್ಟ್ರು ಗಡ್ಡದ ಹೋತ. ಒಳ್ಳೆಯವನು. ನಾಯಿ ಮೊದಲ ಸಲ ಹಗ್ಗದ ಗೆರೆ ದಾಟಿದ ದಿನ ಅವನು ಮರದ ಹಿಂದೆ ಹೋಗಿ ಅತ್ತದ್ದನ್ನು ಕಂಡವರಿದ್ದಾರೆ. ಪರೀಕ್ಷೆ ಗೆದ್ದವರ ಕೊರಳಿಗೆ ಅವನು ತನ್ನ ಕೊರಳಲ್ಲಿದ್ದಂಥದೇ ಕಂಚಿನ ಗಂಟೆಯೊಂದನ್ನು ತೊಡಿಸುತ್ತಿದ್ದ. ಗಂಟೆಯ ಸದ್ದು ಕೇಳಿದರೆ ಸಾಕು, ನೆರವು ಬಂತೆಂದು ನೊಂದವರಿಗೆ ಗೊತ್ತಾಗಲಿ ಎಂಬುದು ಅವನ ಎಣಿಕೆ.

ಆ ಗಂಟೆಯ ಮೇಲೆ ಕಣ್ಣಿಟ್ಟವಳು ಒಬ್ಬಳು ಕತ್ತೆ. ಬಟ್ಟೆಮೂಟೆ ಹೊರುತ್ತಿದ್ದ ಕಾಲದಲ್ಲಿ, ಬಟ್ಟೆಯ ಅಂಚಿಗೆ ಹಾಕಿದ ಗುರುತಿನ ಅಕ್ಷರಗಳನ್ನು ನೋಡಿ ನೋಡಿಯೇ ಓದು ಕಲಿತವಳು. "ನನಗೆ ಯಾರೂ ಕಲಿಸಿದ್ದಲ್ಲ" ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವಳ ಗಂಟಲಲ್ಲಿ ಹುಲ್ಲು ಇಳಿಯುತ್ತಿರಲಿಲ್ಲ. ಆದರೆ ಪರೀಕ್ಷೆಗೆ ನಿಂತಾಗಲೆಲ್ಲ ನಪಾಸು. ಉತ್ತರ ಬಾರದೆ ಅಲ್ಲ. ಪ್ರಶ್ನೆಯೇ ಸರಿಯಿಲ್ಲವೆಂದು ವಾದಕ್ಕೆ ಇಳಿಯುತ್ತಿದ್ದಳು.

"ನೊಂದವನ ಎದುರು ಮೊದಲು ಏನು ಕೇಳಬೇಕು, ಕತ್ತೆಕ್ಕ?" ಎಂದು ಹೋತ ಕೇಳಿದ.

"ಅವನು ಉಂಡಿದ್ದಾನೋ ಇಲ್ಲವೋ ಅದನ್ನು ಮೊದಲು ಹೇಳಿ, ಮೇಷ್ಟ್ರೇ. ಹೊಟ್ಟೆ ನೋಡದೆ ಮಾತಿಗೆ ಶುರು ಮಾಡೋದು ಎಂಥ ವಿದ್ಯೆ?"

"ಪಾಠದಲ್ಲಿ ಹೊಟ್ಟೆಯ ಮಾತಿಲ್ಲ."

"ಹಾಗಾದರೆ ಪಾಠ ಬರೆದವರ ಹೊಟ್ಟೆ ತುಂಬಿತ್ತು ಅಂತಾಯಿತು."

ಕೊಂಬೆಯ ಮೇಲಿನ ಗಿಳಿ ನಕ್ಕಳು. ಪಾಠವನ್ನು ಒಂದಕ್ಷರ ಬಿಡದೆ ಒಪ್ಪಿಸಿ ಮೊದಲ ಸಲಕ್ಕೇ ಗೆದ್ದ ಜಾಣೆ ಅವಳು. ಗುಬ್ಬಿಮೊಟ್ಟೆಯಷ್ಟು ದೊಡ್ಡ ಗಂಟೆ ಅವಳ ಕೊರಳಲ್ಲಿ ಕಿಣಿಕಿಣಿ ಎನ್ನುತ್ತಿತ್ತು. "ಈ ಸಲವೂ ಬರಿಗೊರಳೇ ಅಕ್ಕಾ!" ಎಂದಳು.

ಕತ್ತೆ ಕೆರೆಗೆ ಹೋಗಿ, ಯಾರೂ ಇಲ್ಲದ್ದು ನೋಡಿ, ನೀರಿನಲ್ಲಿ ತನ್ನ ಬರಿಗೊರಳನ್ನು ಕಂಡು ಬಂದಳು.

ಸುಗ್ಗಿಯ ಮೊದಲಲ್ಲಿ ಊರಿಗೆ ಒಬ್ಬ ಎತ್ತು ಬಂದ. ಗಾಣ ಮುರಿದ ಗಲಾಟೆಯಲ್ಲಿ ಬಿಡಿಸಿಕೊಂಡವನನ್ನು ಎಮ್ಮೆಗಳ ಹಿಂಡು ನಡುವೆ ಹಾಕಿಕೊಂಡು ತಂದುಬಿಟ್ಟಿತ್ತು. ಈಗ ಅವನ ಕಣ್ಣಿಗೆ ಪಟ್ಟಿ ಇರಲಿಲ್ಲ, ಹೆಗಲಿಗೆ ನೊಗ ಇರಲಿಲ್ಲ. ಎದುರಿಗೆ ಕೆರೆ ಹೊಳೆಯುತ್ತಿತ್ತು. ಆದರೂ ಅವನು ಗಾವಲಿನ ನಡುವೆ, ಇಲ್ಲದ ಗಾಣವನ್ನು ಸುತ್ತತೊಡಗಿದ. ಸುತ್ತಿನ ದಾರಿಯಲ್ಲಿ ಬಾಯಿಗೆ ಸಿಕ್ಕಿದ ಹುಲ್ಲು ತಿಂದ. ಅದೇ ದಾರಿಯ ಕೆಸರುಗುಂಡಿಯ ನೀರು ನೆಕ್ಕಿದ. ಸುಸ್ತಾದಾಗ ಬಿದ್ದ. ಎದ್ದವನೇ ಮತ್ತೆ ಸುತ್ತಿದ.

ಜೊತೆಗಾರರು ಗಂಟೆ ಆಡಿಸುತ್ತ ಬಂದರು. ಗಂಟೆ ಕೇಳಿದೊಡನೆ ಎತ್ತಿನ ನಡಿಗೆ ಬಿರುಸಾಯಿತು. ಪಾಠದಲ್ಲಿದ್ದಂತೆ ಅವರು ಅಲುಗಾಡದೆ ನಿಂತು ಮೌನವಾಗಿ ಕಾದರು. ಆಗ ಅವನ ಬೆನ್ನ ಚರ್ಮ ಅದುರಿತು, ನಡಿಗೆ ಓಟವಾಯಿತು. ಗಿಳಿ ಅವನ ಕೊಂಬಿನ ಮೇಲೆ ಕೂತು, "ಎಲ್ಲಿ ನೋವು? ಯಾವಾಗಿನಿಂದ ನೋವು? ನೋವಿನ ಬಣ್ಣ ಯಾವುದು?" ಎಂದು ಇಂಪಾಗಿ ಕೇಳಿದಳು. ಅವನ ಜೊತೆ ಸುತ್ತಿ ಸುತ್ತಿ ತಲೆತಿರುಗಿ ಕೆಳಗೆ ಬಿದ್ದಳು. ಅವಳನ್ನು ನೆರಳಿಗೆ ಒಯ್ದು ಆರೈಕೆ ಮಾಡುವುದೇ ಅಂದಿನ ಕೆಲಸವಾಯಿತು.

ಊರ ಗೌಡ ಕೋಣ ಎಲ್ಲರನ್ನೂ ಸೇರಿಸಿದ. "ಗಾಣದವನು ಹೊಸ ಗಾಣ ಹೂಡಿದ್ದಾನೆ. ಗಡಿಗೆ ಬಂದು ತನ್ನ ಎತ್ತನ್ನು ಕೇಳಿ ಹೋದ. ಸುತ್ತುವವನಿಗೆ ಸುತ್ತುವ ಜಾಗವೇ ಸುಖವೋ ಏನೋ, ನನಗೆ ತಿಳಿಯದು. ಸುಗ್ಗಿ ಮುಗಿಯುವಷ್ಟರಲ್ಲಿ ಇವನು ತಾನಾಗಿ ಕೆರೆಗೆ ಹೋಗಿ, ನಿಂತು ನೀರು ಕುಡಿದರೆ ನಮ್ಮವನು. ಇಲ್ಲದಿದ್ದರೆ ಅವನವನು" ಎಂದ.

"ನನಗೆ ಬಿಡಿ" ಎಂದಳು ಕತ್ತೆ.

"ನಿನಗೆ ಗಂಟೆಯೇ ಇಲ್ಲವಲ್ಲ ತಾಯಿ" ಎಂದ ಹೋತ.

"ಗಂಟೆ ಇದ್ದವರು ಕಡಿದು ಗುಡ್ಡೆ ಹಾಕಿದ್ದು ಏನಂತೆ?"

ಹೋತ ಗಡ್ಡ ಅಲ್ಲಾಡಿಸಿದ. ಕೋಪ ಬಂದಿರಲಿಲ್ಲ, ನಗು ಬಂದಿತ್ತು. "ಆಗಲಿ. ಅವನು ಕೆರೆಯಲ್ಲಿ ನೀರು ಕುಡಿಯಲಿ, ಅಲ್ಲೇ ನಿನ್ನ ಕೊರಳಿಗೆ ಗಂಟೆ ತೊಡಿಸುತ್ತೇನೆ."

ಕತ್ತೆಗೆ ಬರುತ್ತಿದ್ದ ದೊಡ್ಡ ವಿದ್ಯೆ ಎಂದರೆ ನಿಲ್ಲುವುದು. ಕಾಲೂರಿ ನಿಂತಳೆಂದರೆ ದೊಣ್ಣೆಗೂ ಜಗ್ಗುತ್ತಿರಲಿಲ್ಲ. ಅವಳ ಬಾಳೆಲ್ಲ ಆ ಒಂದು ಹಟದಿಂದಲೇ ಉಳಿದುಬಂದದ್ದು. ಆದ್ದರಿಂದ ಮರುದಿನ ಬೆಳಿಗ್ಗೆ ಎತ್ತಿನ ದಾರಿಗೆ ಅಡ್ಡಲಾಗಿ ನಿಂತುಬಿಟ್ಟಳು. "ಸಾಕು, ನಿಲ್ಲು. ನಾನಿದ್ದೇನೆ. ನಿನ್ನ ಹೊರೆ ಏನಿದ್ದರೂ ನನ್ನ ಬೆನ್ನಿಗೆ ಹಾಕು" ಎಂದಳು.

ಎತ್ತು ಬಂದವನು ಅವಳ ಹೊಟ್ಟೆಗೆ ತಾಗಿ ನಿಂತ. ನಿಂತ ಕ್ಷಣವೇ ಕಣ್ಣು ಬಿಗಿಯಾಗಿ ಮುಚ್ಚಿದ, ಮೊಣಕಾಲು ಮಡಚಿತು, ಮೈಯೆಲ್ಲ ಬಿಗಿದು ಏಟಿಗಾಗಿ ಕಾಯುತ್ತ ನೆಲಕ್ಕೆ ಕುಸಿದ. ಬಾಯಲ್ಲಿ ನೊರೆ ಬಂತು.

ತನ್ನನ್ನು ಕಾಪಾಡಿದ ವಿದ್ಯೆ ಇನ್ನೊಬ್ಬನನ್ನು ಕೆಡವಬಹುದು ಎಂಬುದು ಕತ್ತೆಗೆ ಹೊಳೆದದ್ದು ಆಗಲೇ. ತಪ್ಪಾಯಿತು ಎನ್ನಬೇಕಿತ್ತು. ಆ ಮಾತನ್ನು ಅವಳು ಹುಟ್ಟಿದಾಗಿನಿಂದ ಆಡಿದವಳಲ್ಲ, ನಾಲಿಗೆ ಹೊರಳಲಿಲ್ಲ. ಎತ್ತು ಎದ್ದು ಮತ್ತೆ ನಡೆಯತೊಡಗಿದಾಗ, ಬಿಟ್ಟುಹೋಗಲೂ ಮನಸ್ಸು ಬಾರದೆ, ಸುಮ್ಮನೆ ಅವನ ಪಕ್ಕದಲ್ಲಿ ನಡೆದಳು. ಸುತ್ತಿನ ಒಳಬದಿಯಲ್ಲಿ ನಡೆದಳು, ಏಕೆಂದರೆ ಹೊರಬದಿಯಲ್ಲಿ ನಡೆಯಲು ಹೆಚ್ಚು ಹೆಜ್ಜೆ ಬೇಕು, ಅವಳ ಕಾಲು ಗಿಡ್ಡ.

ಮರುದಿನವೂ ನಡೆದಳು. ಅದರ ಮರುದಿನವೂ. ಪ್ರಶ್ನೆ ಕೇಳಲಿಲ್ಲ, ಕೇಳಿದರೆ ಕ್ಷಮೆಯನ್ನೂ ಕೇಳಬೇಕಾದೀತೆಂಬ ಭಯ. ದಾರಿಯ ಹೊರಗೆ ಒಳ್ಳೆಯ ಗರಿಕೆ ಕಂಡರೆ ಎತ್ತಿನ ಮುಂದಿನಿಂದ ಕೊರಳು ಚಾಚಿ ಕೀಳುತ್ತಿದ್ದಳು. ಅವಳ ದುಂಡುಹೊಟ್ಟೆ ತಾಗಿದಾಗ ಅವನು ಒಂದಿಷ್ಟು ಆಚೆ ಸರಿಯುತ್ತಿದ್ದ. ಹೀಗೆ ಅವಳ ಹಸಿವಿಗೆ ತಕ್ಕಂತೆ ಸುತ್ತು ದೊಡ್ಡದಾಗುತ್ತ ಹೋಯಿತು. ಅದು ಅವಳ ಗಮನಕ್ಕೂ ಬರಲಿಲ್ಲ, ಅವನ ಗಮನಕ್ಕೂ ಬರಲಿಲ್ಲ.

ಒಂದು ಸಂಜೆ ಎತ್ತು ತಾನಾಗಿ ಹೇಳಿದ: "ಆ ಹುಲ್ಲು ಕಹಿ."

ಊರಿಗೆ ಬಂದ ಮೇಲೆ ಅವನಾಡಿದ ಮೊದಲ ಮಾತು ಅದು. ನೊಂದವನು ಬಾಯಿಬಿಟ್ಟಾಗ ಏನೇನು ಕೇಳಬೇಕೆಂದು ಪಾಠದಲ್ಲಿ ಉದ್ದಕ್ಕೆ ಹೇಳಿತ್ತು. ಕತ್ತೆಗೆ ಒಂದೂ ನೆನಪಾಗಲಿಲ್ಲ. "ನನ್ನ ಬಾಯಿ ರುಚಿ ನನಗೆ ಗೊತ್ತು. ನೀನು ನಿನ್ನ ಕಡೆ ನೋಡಿಕೊಂಡು ನಡಿ" ಎಂದಳು.

ಎತ್ತಿನ ಮೂಗಿನಿಂದ ಸಣ್ಣದೊಂದು ಉಸಿರು ಹೊರಬಿತ್ತು. ನಗುವಿದ್ದರೂ ಇರಬಹುದು.

ಆಮೇಲೆ ಅವನು ಚೂರುಚೂರಾಗಿ ಮಾತಾಡಿದ. ಗಾಣದವನು ನೆರಳಲ್ಲಿ ಮಲಗುತ್ತಿದ್ದನಂತೆ. ಎತ್ತಿನ ಕೊರಳಿಗೆ ಗಂಟೆ ಕಟ್ಟಿರುತ್ತಿದ್ದನಂತೆ. "ಗಂಟೆ ಆಡುತ್ತಿದ್ದರೆ ನಾನು ನಡೆಯುತ್ತಿದ್ದೇನೆ ಅಂತ ಅವನಿಗೆ ನಿದ್ದೆ. ಗಂಟೆ ನಿಂತರೆ ಎದ್ದು ಬರುತ್ತಿದ್ದ, ಬಾರುಕೋಲು ತಗೊಂಡು. ಈಗಲೂ ಗಂಟೆ ಕೇಳಿದರೆ ಕಾಲು ತಾನೇ ಏಳುತ್ತೆ, ತಂಗಿ. ಗಂಟೆ ನಿಂತರೆ ಬೆನ್ನು ಉರಿಯುತ್ತೆ."

"ಹೂಂ" ಎಂದಳು ಕತ್ತೆ. ಅವಳ ಮನಸ್ಸೆಲ್ಲ ಮುಂದೆ ಕಾಣುತ್ತಿದ್ದ ಕೆರೆಯ ಮೇಲಿತ್ತು. ಸುತ್ತು ಈಗ ಏರಿಯ ತನಕ ಬಂದಿತ್ತು.

ಸುಗ್ಗಿಯ ಕೊನೆಯ ದಿನ ಊರೆಲ್ಲ ದೂರದಲ್ಲಿ ನಿಂತು ನೋಡುತ್ತಿತ್ತು. ಎತ್ತು ಸುತ್ತುತ್ತ ಸುತ್ತುತ್ತ ಕೆರೆಯ ಅಂಚಿಗೆ ಬಂದ. ಕತ್ತೆ ನೀರಿಗೆ ಬಾಯಿ ಹಾಕಿದಳು. ಬಾಯಾರಿಕೆ ನಿಜವಾಗಿಯೂ ಇತ್ತು. ಎತ್ತು ಅವಳನ್ನು ನೋಡಿದ, ನೀರನ್ನು ನೋಡಿದ. ನಿಂತ. ಬಗ್ಗಿ ಕುಡಿದ.

ಹೋತನಿಗೆ ಸಂತೋಷ ತಡೆಯಲಾಗಲಿಲ್ಲ. ಓಡೋಡಿ ಬಂದು ಕತ್ತೆಯ ಕೊರಳಿಗೆ ಗಂಟೆ ತೊಡಿಸಿದ. "ಗೆದ್ದೆ ತಾಯಿ!" ಎಂದ. ಕತ್ತೆ ಕಣ್ಣು ಮುಚ್ಚಿ ಕೊರಳನ್ನು ಒಮ್ಮೆ ಅಲ್ಲಾಡಿಸಿದಳು. ಢಣ್ ಎಂದಿತು. ಇಷ್ಟು ಕಾಲ ಬೇರೆಯವರ ಕೊರಳಲ್ಲಿ ಕೇಳಿದ ಸದ್ದು ತನ್ನದೇ ಎದೆಯಿಂದ ಬರುತ್ತಿತ್ತು. ಇನ್ನೊಮ್ಮೆ ಅಲ್ಲಾಡಿಸಿದಳು. ಇನ್ನೂ ಒಮ್ಮೆ.

ಕಣ್ಣು ತೆರೆದಾಗ ಎತ್ತು ನೀರಿನ ಬಳಿ ಇರಲಿಲ್ಲ. ಏರಿಯ ಕೆಳಗೆ ಪುಟ್ಟದೊಂದು ಸುತ್ತು ಹಾಕುತ್ತಿದ್ದ. ಬಂದ ದಿನದಷ್ಟೇ ಪುಟ್ಟದು.

"ಕುಡಿದದ್ದು ಒಂದೇ ಗುಟುಕು" ಎಂದ ಕೋಣ ಬೇಸರದಿಂದ. "ಇದನ್ನು ನಿಂತದ್ದು ಅನ್ನಲಾರೆ. ನಾಳೆ ಗಾಣದವನಿಗೆ ಹೇಳಿಕಳಿಸಬೇಕಾಗುತ್ತೆ."

ಗಂಟೆಯ ಬಗ್ಗೆ ಎತ್ತು ಹೇಳಿದ್ದು ಕತ್ತೆಗೆ ಆಗ ನೆನಪಾಯಿತು. ಅವನು ಹೇಳಿದ್ದ. ತಾನು ಹೂಂ ಎಂದಿದ್ದಳು. ಅವಳು ತಲೆ ಬಗ್ಗಿಸಿ, ಏರಿಯ ಕಲ್ಲಿಗೆ ಕೊರಳನ್ನು ಉಜ್ಜಿದಳು. ಹುರಿ ಹರಿದು ಗಂಟೆ ನೀರಿಗೆ ಬಿತ್ತು.

"ಮೇಷ್ಟ್ರೇ, ಎಲ್ಲರೂ ಗಂಟೆ ತೆಗೆಯಿರಿ. ಅವನನ್ನು ನಡೆಸುತ್ತಿರೋದು ನಾವೇ."

"ಗಂಟೆ ತೆಗೆದರೆ ನಮಗೂ ದಾರಿಹೋಕರಿಗೂ ಏನು ವ್ಯತ್ಯಾಸ?" ಎಂದಳು ಗಿಳಿ. ಅವಳ ದನಿಯಲ್ಲಿ ಕುಹಕವಿರಲಿಲ್ಲ, ದಿಗಿಲಿತ್ತು.

"ಅದನ್ನು ಅವನೇ ಹೇಳಲಿ ಬಿಡು, ಮಗಳೇ" ಎಂದಳು ಕತ್ತೆ.

ಹೋತ ಕತ್ತೆಯ ಮುಂದೆ ಬಂದು ಕೊರಳು ಬಗ್ಗಿಸಿದ. "ಕಡಿ" ಎಂದ. ಗಂಟೆಯ ಹುರಿ ಕೂತು ಕೂತು ಅಲ್ಲಿ ಕೂದಲೇ ಹೋಗಿತ್ತು. ಕತ್ತೆ ನೋಯದಂತೆ ಹಲ್ಲಿನಿಂದ ಕಡಿದಳು. ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಕೊನೆಗೆ ಗಿಳಿಯೂ ಬಂದಳು.

ಸದ್ದಡಗಿತು. ಎತ್ತಿನ ಬೆನ್ನು ಅದುರತೊಡಗಿತು. ಅವನು ಏಟಿಗೆ ಕಾಯುತ್ತಿದ್ದ. ಕತ್ತೆ ಅವನ ಪಕ್ಕಕ್ಕೆ ಹೋಗಿ ಆ ಕಹಿ ಹುಲ್ಲನ್ನೇ ಕರಕರ ಅಗಿಯತೊಡಗಿದಳು. ಊರೆಲ್ಲ ಆ ಸದ್ದನ್ನೇ ಕೇಳಿತು. ಏಟು ಬರಲಿಲ್ಲ. ಎತ್ತು ನಿಧಾನವಾಗಿ ತಿರುಗಿ, ನೀರಿಗೆ ನಡೆದು, ಹೊಟ್ಟೆ ತುಂಬ ಕುಡಿದ. ಕುಡಿದಾದ ಮೇಲೂ ಅಲ್ಲೇ ನಿಂತಿದ್ದ.

"ನಮ್ಮವನು" ಎಂದ ಕೋಣ.

ಹೋತನಿಗೆ ವಯಸ್ಸಾಗಿತ್ತು. ಶಾಲೆಯನ್ನು ಕತ್ತೆಗೆ ಒಪ್ಪಿಸಿದ. ಅವಳು ಬೇಡವೆನ್ನಲಿಲ್ಲ. ಗಂಟೆಯ ಪದ್ಧತಿಯನ್ನು ನಿಲ್ಲಿಸಿ, ತಾನು ಸ್ವಂತ ಅನುಭವದಿಂದ ಕಂಡುಕೊಂಡದ್ದನ್ನು ಪಾಠ ಮಾಡಿದಳು. ಹೊಸ ವಿದ್ಯಾರ್ಥಿಗಳು ಗಾವಲಿನ ನಡುವೆ ಸುತ್ತು ನಡೆಯಬೇಕು, ಪ್ರಶ್ನೆ ಕೇಳಬಾರದು, ಗರಿಕೆ ಕಹಿಯಾದರೂ ಅಗಿಯಬೇಕು. ಸುತ್ತು ಸರಿಯಾಗಿರಲೆಂದು ನೆಲದಲ್ಲಿ ಗೆರೆ ಕೊರೆಸಿದಳು. ಎಲ್ಲರೂ ಕಾಣುವಂತೆ ತಾನು ನಟ್ಟನಡುವೆ ನಿಂತಳು. ಆಗಾಗ ಕಣ್ಣು ಮುಚ್ಚಿ ಹೆಜ್ಜೆಯ ಸದ್ದನ್ನು ಆಲಿಸುವಳು. ಸದ್ದು ನಿಂತರೆ ಕಣ್ಣು ತೆರೆದು, "ಯಾರದು ನಿಂತದ್ದು?" ಎಂದು ಗದರುವಳು. ವಿದ್ಯಾರ್ಥಿಗಳು ತಲೆ ತಗ್ಗಿಸಿ ಮತ್ತೆ ನಡೆಯುವರು.

ಒಂದು ದಿನ ಕೆರೆಯಿಂದ ಮರಳುತ್ತಿದ್ದ ಎತ್ತು ಇದನ್ನು ಕಂಡ. ಬಂದು ಸಾಲಿನ ಒಳಬದಿಯಲ್ಲಿ ಸೇರಿಕೊಂಡು ಅವರ ಜೊತೆ ನಡೆದ. ಅವನ ಹೊಟ್ಟೆ ದೊಡ್ಡದು. ತಾಗಿದವರೆಲ್ಲ ಆಚೆ ಸರಿದರು. ಮಧ್ಯಾಹ್ನದ ಹೊತ್ತಿಗೆ ವಿದ್ಯಾರ್ಥಿಗಳು ಗೆರೆ ದಾಟಿದ್ದರು, ಸಂಜೆಯ ಹೊತ್ತಿಗೆ ಏರಿಯ ಮೇಲೆ ನಗುತ್ತಿದ್ದರು, ಆಮೇಲೆ ನೀರಿನಲ್ಲಿದ್ದರು.

ಗಾವಲಿನ ನಟ್ಟನಡುವೆ ಕತ್ತೆ ಒಬ್ಬಳೇ ಉಳಿದಳು.

ಎತ್ತು ಅವಳ ಹತ್ತಿರ ಬಂದ. "ಬಾ ತಂಗಿ, ನೀರು ಕುಡಿಯೋಣ."

"ಪಾಠ ಮುಗಿದಿಲ್ಲ" ಎಂದಳು ಕತ್ತೆ. ನಾಲ್ಕೂ ಕಾಲನ್ನು ನೆಲಕ್ಕೆ ಊರಿ, ಕಿವಿ ಹಿಂದಕ್ಕೆ ಮಡಚಿ, ನಿಂತುಬಿಟ್ಟಳು.

ಎತ್ತು ಅವಳನ್ನು ಎಳೆಯಲಿಲ್ಲ. ಅಡ್ಡವೂ ಬರಲಿಲ್ಲ. ಪಕ್ಕದಲ್ಲಿ ಒಂದಿಷ್ಟು ಗರಿಕೆ ಇತ್ತು. ಬಗ್ಗಿ ಕರಕರ ಮೇಯತೊಡಗಿದ. ಅವಳು ಹೊರಡುವವರೆಗೆ ನಿಂತಿರುವುದು ಈಗ ಅವನಿಗೆ ಬರುತ್ತಿತ್ತು.