ಮೂರು ಸಲ ಬಂದ ಗಾಡಿ

"ಅದನ್ನ ಪೆಟ್ಟಿಗೆಗೆ ಹಾಕ್ಬಿಡಿ ಅಕ್ಕ, ಅವನ ಕಾಲ ಹತ್ರ. ಯಾರೂ ನೋಡಲ್ಲ," ಎನ್ನುತ್ತ ಕಮೆನ್ ವೆಸ್ಕಾಳ ಕೈಚೀಲಕ್ಕೆ ಕೈ ಹಾಕಿದ. ಅವಳು ಚೀಲವನ್ನು ಎದೆಗೆ ಅವುಚಿಕೊಂಡಳು.

ಲೋಮ್ ಪಟ್ಟಣದ ಸ್ಮಶಾನಕ್ಕೆ ಪಾದ್ರಿ ಇನ್ನೂ ಬಂದಿರಲಿಲ್ಲ. ತೆರೆದ ಶವಪೆಟ್ಟಿಗೆಯಲ್ಲಿ ಅವಳ ಗಂಡ ಸ್ಪಾಸ್ ಮದುವೆಯ ಸೂಟಿನಲ್ಲಿ ಮಲಗಿದ್ದ. ಇಪ್ಪತ್ತಾರು ವರ್ಷ ಕಮೆನ್‌ನ ಕಾರ್ ಶೋರೂಮಿನಲ್ಲಿ ವಾರಂಟಿ ಮೇಜಿನ ಹಿಂದೆ ಕೂತವನು. ಗಾಡಿ ಕೆಟ್ಟದ್ದು ಕಂಪನಿಯ ತಪ್ಪಿನಿಂದಲೋ ಗಿರಾಕಿಯ ತಪ್ಪಿನಿಂದಲೋ ಎಂದು ಬರೆಯುವುದೇ ಅವನ ಕೆಲಸ.

ಬೆಳಿಗ್ಗೆ ವೈನ್ ತರಲು ನೆಲಮಾಳಿಗೆಗೆ ಇಳಿದಾಗ ಮೆಣಸಿನಕಾಯಿ ಜಾಡಿಗಳ ಹಿಂದೆ ಅದು ಸಿಕ್ಕಿತ್ತು: ಕಾರಿನ ಬ್ರೇಕ್ ಸಿಲಿಂಡರ್, ಅದಕ್ಕೆ ತಂತಿಯಲ್ಲಿ ಕಟ್ಟಿದ ಚೀಟಿ. ಗಂಡನದೇ ಅಕ್ಷರ. ಕೈಚೀಲದಲ್ಲಿ ತಂದು, ಚೀಟಿಯಲ್ಲಿರುವುದು ನಿಜವೇ ಎಂದು ಕಮೆನ್‌ನನ್ನೇ ಕೇಳಿ ಕೆಟ್ಟಳು.

"ನಿಮ್ಮ ಅಳಿಯ ನನ್ನ ವರ್ಕ್‌ಶಾಪಲ್ಲೇ ಕೆಲಸಕ್ಕಿದಾನೆ, ನೆನಪಿರ್ಲಿ," ಎಂದ ಕಮೆನ್, ಮೆಲ್ಲಗೆ.

ಅಷ್ಟರಲ್ಲಿ ನಿವೃತ್ತ ಬಸ್ ಡ್ರೈವರ್ ಮ್ಲಾದೆನ್ ಆರು ಹೂ ಹಿಡಿದು ಬಂದ. ಹೂವನ್ನು ಸ್ಪಾಸ್‌ನ ಎದೆಯ ಮೇಲಿಟ್ಟು ಅವನ ತಣ್ಣನೆಯ ಕೈ ಸವರಿದ.

"ಗಾಡಿ ಗುದ್ದಿಸಿ ಹೆಂಡ್ತೀನ ಕೊಂದವನು ಅಂತ ಊರೇ ನನ್ನ ಜೊತೆ ಮಾತು ಬಿಟ್ಟಿತ್ತು ತಂಗಿ. ಇವನೊಬ್ಬ ಪ್ರತಿ ಚಳಿಗಾಲ ಫೋನ್ ಮಾಡಿ ಕರೆದು ಟೈರು ಬದಲಾಯಿಸಿ ಕೊಡ್ತಿದ್ದ. ಅದಕ್ಕೇ ನಾನು ಬೇರೆ ಅಂಗಡಿ ಮೆಟ್ಟಿಲು ಹತ್ತಲಿಲ್ಲ."

"ಇಂಥ ಗಿರಾಕಿ ಸಿಗೋಕೆ ಪುಣ್ಯ ಮಾಡಿರಬೇಕು," ಎಂದು ಕಮೆನ್ ಅವನ ಬೆನ್ನು ತಟ್ಟಿದ.

* * *

ಒಂಬತ್ತು ವರ್ಷದ ಹಿಂದೆ ಮ್ಲಾದೆನ್ ಹೊಸ ಕಾರನ್ನು ಮೂರು ಸಲ ಶೋರೂಮಿಗೆ ತಂದಿದ್ದ. ಬ್ರೇಕ್ ಮೆತ್ತಗಾಗುತ್ತೆ, ಒತ್ತಿದ ಕಾಲು ತಳಕ್ಕೆ ಹೋಗುತ್ತೆ ಎಂದಿದ್ದ. ಓಡಿಸಿ ನೋಡಿದಾಗ ದೋಷ ಕಾಣದಿದ್ದರೆ ಗಾಡಿ ಬಿಚ್ಚಿ ನೋಡಿದ ಕೂಲಿಯನ್ನು ಕಂಪನಿ ಶೋರೂಮಿಗೆ ಕೊಡುವುದಿಲ್ಲ. "ಬಿಚ್ಚಬೇಡ. ಬಸ್ ಓಡಿಸಿದ ಕಾಲು, ಕಾರಿಗೆ ಒಗ್ಗಿಲ್ಲ ಅನ್ನು," ಎಂದ ಕಮೆನ್. ಸ್ಪಾಸ್ ಮೂರು ಸಲವೂ ಹಾಗೇ ಅಂದ.

ನಾಲ್ಕನೆಯ ಸಲ ಗಾಡಿಯನ್ನು ಎಳೆದು ತಂದರು. ಅಪಘಾತದಲ್ಲಿ ಮ್ಲಾದೆನ್‌ನ ಹೆಂಡತಿ ಗಿಂಕಾ ಸತ್ತಿದ್ದಳು. ಆಗ ಸ್ಪಾಸ್ ಬಿಚ್ಚಿಸಿದ. ಬ್ರೇಕ್ ಸಿಲಿಂಡರಿನ ಒಳಗಿನ ರಬ್ಬರ್ ಹರಿದಿತ್ತು. ಕಳಚಿದ ಭಾಗಕ್ಕೆ ಚೀಟಿ ಕಟ್ಟಿಡಬೇಕೆಂಬ ನಿಯಮದಂತೆ ಕಂಡದ್ದನ್ನು ಬರೆದು ಕಟ್ಟಿದ. ಕಮೆನ್ ಬೇರೆ ಕಾಗದ ಮುಂದಿಟ್ಟ: ದೋಷವಿಲ್ಲ, ಚಾಲಕನ ತಪ್ಪು. ಸ್ಪಾಸ್ ಅದಕ್ಕೂ ಸಹಿ ಹಾಕಿದ. ಗುಜರಿಗೆ ಹೋಗಬೇಕಿದ್ದ ಭಾಗವನ್ನು ಊಟದ ಚೀಲದಲ್ಲಿ ಮನೆಗೆ ತಂದ.

ಸ್ಪಾಸ್ ಕೆಟ್ಟವನಲ್ಲ. ಹೇಡಿ. ಹೇಡಿಗಳು ಟೈರು ಬದಲಾಯಿಸಿ ಕೊಡುತ್ತಾರೆ.

* * *

ಪಾದ್ರಿ ಬಂದು ಶವದ ಮೇಲೆ ವೈನ್ ಸುರಿದ. ಪೆಟ್ಟಿಗೆ ಗುಂಡಿಗಿಳಿಯಿತು. ವೆಸ್ಕಾ ಬಂದವರಿಗೆಲ್ಲ ಸತ್ತವನ ಹೆಸರಿನ ಬೇಯಿಸಿದ ಗೋಧಿಯನ್ನು ಕಾಗದದ ಲೋಟದಲ್ಲಿ ಹಂಚುತ್ತ ಬಂದಳು. ಕಮೆನ್ ಅವಳ ಪಕ್ಕ ಬಿಟ್ಟು ಕದಲಲಿಲ್ಲ.

ಮ್ಲಾದೆನ್‌ನ ಸರದಿ ಬಂತು. ಲೋಟ ಕೊಟ್ಟಳು. ಗುಂಪಿನಾಚೆ ನಿಂತಿದ್ದ ಅಳಿಯನನ್ನು ಒಮ್ಮೆ ನೋಡಿದಳು. ಆಮೇಲೆ ಚೀಲದಿಂದ ಆ ಕಬ್ಬಿಣ ತೆಗೆದು ಮ್ಲಾದೆನ್‌ನ ಇನ್ನೊಂದು ಕೈಗಿಟ್ಟಳು.

"ಅಕ್ಕ," ಎಂದ ಕಮೆನ್.

"ಚೀಟಿ ಓದಿ ಅಣ್ಣ. ಅವರೇ ಬರೆದದ್ದು."

ಮ್ಲಾದೆನ್ ತುಟಿ ಅಲ್ಲಾಡಿಸುತ್ತ ಓದಿದ. 'ಮ್ಲಾದೆನ್‌ರ ಗಾಡಿ. ತಯಾರಿಕೆಯ ದೋಷ. ಚಾಲಕನ ತಪ್ಪಿಲ್ಲ. ಮೂರು ಸಲ ಬಿಚ್ಚದೆ ವಾಪಸ್ ಕಳಿಸಿದ್ದೇವೆ.' ಮತ್ತೆ ಮೊದಲಿಂದ ಓದಿದ. ಲೋಟ ವಾಲಿ ಗೋಧಿ ಅವನ ಬೂಟಿನ ಮೇಲೆ ಉದುರುತ್ತಿತ್ತು. ಆ ಬೂಟಿನೊಳಗಿನ ಬಲಗಾಲು ಗುಂಡಿಯಂಚಿನ ಹಸಿ ಮಣ್ಣನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ತಳದವರೆಗೂ ಒತ್ತುತ್ತಿತ್ತು.