ಬಿಟ್ಟ ನಾಯಿ

ಓರಗಿತ್ತಿಯರಿಬ್ಬರೂ ಒಂದೇ ತಾಯಿಯ ಎರಡು ಮರಿಗಳನ್ನು ಒಂದೇ ದಿನ ಮನೆಗೆ ತಂದದ್ದೇ ಎಡವಟ್ಟಾಯಿತು. ಎರಡಕ್ಕೂ ಅದೇ ಕಂದು ಮೈ, ಅದೇ ಬಿಳಿ ಪಾದ. ಕೆಳಗಿನ ಮನೆಯ ಹಿರಿಯ ಸೊಸೆ ತನ್ನದಕ್ಕೆ ಸಾಧು ಎಂದು ಹೆಸರಿಟ್ಟಳು. ಮಹಡಿಯ ಮೇಲಿನ ಕಿರಿಯ ಸೊಸೆ ತನ್ನದನ್ನು ಗುಂಡ ಎಂದಳು. ಹೆಸರಿಟ್ಟಲ್ಲಿಗೆ ನಾಯಿ ಸಾಕುವ ಕೆಲಸ ಮುಗಿಯಿತು ಎಂದುಕೊಂಡವಳು ಕಿರಿಯಳು. ಅಲ್ಲಿಂದಲೇ ಶುರು ಎಂದುಕೊಂಡವಳು ಹಿರಿಯಳು.

ಹಿರಿಯಳು ಮನೆಯಲ್ಲೇ ಕೂತು ಕಿಟಕಿಯ ಪರದೆಗಳನ್ನು ಹೊಲಿದುಕೊಡುತ್ತಿದ್ದಳು. ಅಂಚು ಕೂದಲೆಳೆಯಷ್ಟು ಸೊಟ್ಟಗಾದರೂ ಪೂರ್ತಿ ಬಿಚ್ಚಿ ಮತ್ತೆ ಹೊಲಿಯುವ ಸ್ವಭಾವ. ನಾಯಿಯನ್ನೂ ಹಾಗೆಯೇ ತಿದ್ದಿದಳು. ಕೂರು ಎಂದರೆ ಕೂರುತ್ತಿತ್ತು, ನಿಲ್ಲು ಎಂದರೆ ನಿಲ್ಲುತ್ತಿತ್ತು. ಮೈದಾನಕ್ಕೆ ಹೊರಟರೆ ಚೈನನ್ನು ಕೈಗೊಂದು ಸುತ್ತು ಸುತ್ತಿಕೊಂಡೇ ಹೊರಡುವಳು. ಅದು ಗಲೀಜು ಮಾಡಿದರೆ ಎತ್ತಲು ಪರದೆಬಟ್ಟೆ ಬಂದ ಪ್ಲಾಸ್ಟಿಕ್ ಕವರುಗಳು ಹೆಗಲಚೀಲದಲ್ಲಿ ಸದಾ ಮಡಿಸಿಟ್ಟು ಸಿದ್ಧ.

ಕಿರಿಯಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ದಿನವಿಡೀ ಊರವರ ಕಣ್ಣು ಸರಿಮಾಡಿ ಬಂದವಳಿಗೆ ತನ್ನ ನಾಯಿ ಎಲ್ಲಿದೆ, ಏನು ಮಾಡುತ್ತಿದೆ ಎಂಬುದು ಮಾತ್ರ ಕಾಣುತ್ತಿರಲಿಲ್ಲ. ಮೈದಾನದ ಗೇಟು ದಾಟಿದ ಕೂಡಲೇ ಚೈನು ಬಿಚ್ಚಿ, ಫೋನನ್ನು ಕಿವಿಗೊತ್ತಿಕೊಂಡರೆ ಮುಗಿಯಿತು. ಗುಂಡ ಓಡುವವರ ಕಾಲಿಗೆ ಅಡ್ಡ ಬರುತ್ತಿತ್ತು, ಹುಲ್ಲಿನ ಮೇಲೆ ಕೂತವರ ಬ್ರೆಡ್ಡು ಎಗರಿಸುತ್ತಿತ್ತು, ಎಲ್ಲೆಂದರಲ್ಲಿ ಗಲೀಜು ಮಾಡುತ್ತಿತ್ತು. ಯಾರಾದರೂ ಕೂಗಾಡಿದರೆ ಇವಳು ದೂರದಿಂದಲೇ ಕೈ ಬೀಸುತ್ತಿದ್ದಳು.

"ಹೆದರ್ಕೋಬೇಡಿ, ಅವನು ಏನೂ ಮಾಡಲ್ಲ! ಆಟ ಆಡ್ತಾನೆ ಅಷ್ಟೆ!"

ಹೇಳಿ ಒಂದು ನಗು ನಗುತ್ತಿದ್ದಳು. ಹಾಳಾದ್ದು ಆ ನಗುವಿಗೆ ಬೈಯಲು ಬಂದವರೂ ನಕ್ಕು ಹೋಗುತ್ತಿದ್ದರು. ಸಾಧುವಿನ ಚೈನು ಹಿಡಿದು ಓರೆಯಾಗಿ ನಿಂತು ದಾರಿ ಬಿಡುತ್ತಿದ್ದ ಹಿರಿಯಳ ಕಡೆ ಮಾತ್ರ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ.

ಅತ್ತೆಯಂತೂ ಗುಂಡನನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದರು. ಅದು ಅವರ ಚಪ್ಪಲಿ ಅಗಿದು ಹಾಕಿದ ದಿನ "ಹಳೇದಾಗಿತ್ತು ಬಿಡು" ಎಂದರು. ಸಾಧು ಅಡುಗೆಮನೆಯ ಬಾಗಿಲಲ್ಲಿ ತೆಪ್ಪಗೆ ಕೂತಿದ್ದರೆ "ಪಾಪ, ಇದಕ್ಕೆ ಮೈಗೆ ಸರಿಯಿಲ್ವೇನೋ" ಎನ್ನುತ್ತಿದ್ದರು. ಹಿರಿಯಳಿಗೆ ಹೊಟ್ಟೆಯಲ್ಲಿ ಕೆಂಡ ಸುರಿದ ಹಾಗಾಗುತ್ತಿತ್ತು. ಈ ಮನೆಗೆ ಮೊದಲು ಕಾಲಿಟ್ಟವಳು ತಾನು. ಅತ್ತೆಯ ಮಂಡಿಗೆ ಮುಲಾಮು ತಿಕ್ಕುವವಳು ತಾನು. ಆದರೆ ಸಂಜೆಯಾದರೆ "ಪುಟ್ಟಿ ಬಂದ್ಲಾ?" ಎಂದು ಕಿರಿಯಳಿಗಾಗಿ ಮೆಟ್ಟಿಲ ಕಡೆ ನೋಡುವ ಆ ನೋಟವಿದೆಯಲ್ಲ, ಅದು ತನ್ನ ಪಾಲಿಗೆ ಒಂದು ದಿನವೂ ಬಂದಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ಹೊರಗಿನವರು ಎರಡು ನಾಯಿಗಳನ್ನೂ ಗುರುತಿಸುತ್ತಿದ್ದದ್ದು ಚೈನಿನಿಂದ. ಕಟ್ಟಿದ್ದು ದೊಡ್ಡವಳದು, ಬಿಟ್ಟಿದ್ದು ಚಿಕ್ಕವಳದು. ಮುಖ ನೋಡಿ ಹೇಳುವುದು ಅತ್ತೆಯಿಂದಲೂ ಆಗುತ್ತಿರಲಿಲ್ಲ.

ಹೀಗಿರುವಾಗ ಗುಂಡ ಒಂದು ದಿನ ತಳ್ಳುಗಾಡಿಯಲ್ಲಿದ್ದ ಕೂಸಿನ ಮೇಲೆ ಕಾಲಿಟ್ಟು ನಿಂತಿತು. ಕೂಸಿಗೇನೂ ಆಗಲಿಲ್ಲ, ಆದರೆ ಅದರ ತಾಯಿ ನಗುವಿಗೆ ಕರಗುವ ಹೆಂಗಸಾಗಿರಲಿಲ್ಲ. ಮೈದಾನದ ಕಾವಲುಗಾರ ಕಿರಿಯಳನ್ನು ಕರೆದು ಹೇಳಿದ: "ನೋಡಮ್ಮ, ಇದೇ ಕೊನೆ. ಇನ್ನೊಂದು ದೂರು ಬಂದ್ರೆ ನಿಮ್ಮ ನಾಯಿ ಈ ಗೇಟಿನ ಒಳಗೆ ಬರೋ ಹಾಗಿಲ್ಲ."

ಆ ಸಂಜೆ ಹಿರಿಯಳ ಹೊಲಿಗೆ ಯಂತ್ರದ ಸದ್ದಿನಲ್ಲೂ ಒಂದು ಗೆಲುವಿತ್ತು. ಆಮೇಲಿನ ದಿನಗಳಲ್ಲಿ ಅವಳು ಮೈದಾನಕ್ಕೆ ಹೋಗುತ್ತಿದ್ದದ್ದೇ ಆ ಇನ್ನೊಂದು ದೂರನ್ನು ಕಣ್ಣಾರೆ ನೋಡಲು.

ಮಂಡಿ ನೋವು ಸ್ವಲ್ಪ ಇಳಿದ ಒಂದು ಸಂಜೆ ಅತ್ತೆಯೂ ಜೊತೆಗೆ ಬಂದು ಬೆಂಚಿನ ಮೇಲೆ ಕೂತರು. ಗುಂಡ ಎಲ್ಲಿಂದಲೋ ಒಂದು ಕೋಲು ಕಚ್ಚಿ ತಂದು ಅವರ ಮಡಿಲಿಗೇ ಹಾಕಿತು. ಅತ್ತೆ ಚಿಕ್ಕ ಹುಡುಗಿಯ ಹಾಗೆ ನಕ್ಕರು. ನಗುತ್ತಲೇ ಸಾಧುವಿನ ಕಡೆ ತಿರುಗಿದರು.

"ನಿಂದನ್ನೂ ಬಿಡೇ ದೊಡ್ಡವಳೇ. ಕಟ್ಟಿ ಕಟ್ಟಿ ಅದು ನಾಯೀನೋ, ಗೋಡೆಗೆ ಹೊಡೆದ ಮೊಳೇನೋ ಗೊತ್ತಾಗಲ್ಲ."

"ಅಕ್ಕಂಗೆ ಭಯ ಅತ್ತೆ," ಎಂದಳು ಕಿರಿಯಳು. "ಬಿಟ್ರೆ ವಾಪಸ್ ಬರಲ್ಲ ಅಂತ."

ತಮಾಷೆಗೆ ಅಂದದ್ದೇ. ಆದರೆ ಹಿರಿಯಳ ಮೈ ಉರಿದುಹೋಯಿತು. "ನಂದು ಒಂದೇ ಮಾತಿಗೆ ಬರುತ್ತೆ. ನಿನ್ನದರ ಥರ ಅಲ್ಲ," ಎಂದವಳೇ ಬಗ್ಗಿ ಚೈನು ಬಿಚ್ಚಿ ಹೆಗಲಚೀಲಕ್ಕೆ ತುರುಕಿದಳು.

ಸಾಧು ಮೊದಲು ನಿಂತೇ ಇತ್ತು. ಕತ್ತು ಅಲ್ಲಾಡಿಸಿ ನೋಡಿತು. ಎರಡು ಹೆಜ್ಜೆ ಇಟ್ಟು ತಿರುಗಿ ಅವಳನ್ನು ನೋಡಿತು. ಆಮೇಲೆ ಓಡಿತು ನೋಡಿ! ಕಿವಿ ಹಿಂದಕ್ಕೆ ಹೋಗಿ, ಹೊಟ್ಟೆ ನೆಲಕ್ಕೆ ತಾಗುವಂತೆ, ಮೈದಾನವೆಲ್ಲ ತನ್ನಪ್ಪನ ಮನೆಯದು ಎಂಬಂತೆ. ಹಿರಿಯಳು ಅದನ್ನು ಹಾಗೆ ಯಾವತ್ತೂ ಕಂಡಿರಲಿಲ್ಲ. ಒಂದು ಗಳಿಗೆ ಅವಳಿಗೆ ತನ್ನ ನಾಯಿಯ ಮೇಲೂ ಹೊಟ್ಟೆಕಿಚ್ಚಾಯಿತು.

"ಸಾಧೂ, ಬಾ!"

ಬರಲಿಲ್ಲ. ಇನ್ನೊಮ್ಮೆ ಕರೆದಳು. ಅಷ್ಟರಲ್ಲಿ ಕಿರಿಯಳಿಗೆ ಫೋನು ಬಂದು ಅವಳು ಆ ಕಡೆ ತಿರುಗಿದ್ದಳು. ಅತ್ತೆ ಮಡಿಲಿನ ಕಸ ಕೊಡವಿಕೊಳ್ಳುತ್ತಿದ್ದರು. ಗುಂಡ ಬೆಂಚಿನ ಹಿಂದೆ ಮಣ್ಣು ಕೆದರುತ್ತಿತ್ತು. ದೂರದ ಕಾಲುದಾರಿಯಲ್ಲಿ ಪಕ್ಕದ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಬಣ್ಣದ ಪೆಟ್ಟಿಗೆ ಹಿಡಿದು ನಿಧಾನಕ್ಕೆ ಬರುತ್ತಿದ್ದರು. ಸಾಧು ಹಿಂದಿನಿಂದ ಬಂದು ಅವರ ಕಾಲಿಗೆ ಬಡಿಯಿತು. ಮೇಷ್ಟ್ರು ಬಲಗೈ ಊರಿಕೊಂಡೇ ಬಿದ್ದರು. ಅವರ ಚೀರಾಟ ಬೆಂಚಿನವರೆಗೂ ಕೇಳಿಸಿತು.

ಸಾಧು ಬೆದರಿ ಒಂದೇ ಉಸಿರಿಗೆ ಓಡಿಬಂದು, ಯಾರೂ ಹೇಳದೆ, ಹಿರಿಯಳ ಕಾಲ ಬುಡದಲ್ಲಿ ಕೂತುಬಿಟ್ಟಿತು. ಗುಂಡನಿಗೆ ಗದ್ದಲವೆಂದರೆ ಪ್ರಾಣ. ಅದು ಮಣ್ಣು ಮೆತ್ತಿಕೊಂಡೇ ಅಲ್ಲಿಗೆ ನುಗ್ಗಿ, ಬಿದ್ದ ಮೇಷ್ಟ್ರ ಮುಖ ನೆಕ್ಕತೊಡಗಿತು.

ಜನ ಸೇರುವ ಹೊತ್ತಿಗೆ ಎಲ್ಲರಿಗೂ ಎಲ್ಲವೂ ಗೊತ್ತಾಗಿಹೋಗಿತ್ತು.

"ಬಿಟ್ಟ ನಾಯಿ ತಾನೆ?" ಎಂದ ಕಾವಲುಗಾರ.

"ಮತ್ತಿನ್ಯಾವುದು!" ಎಂದರು ನಾಲ್ಕು ಜನ.

ಮೇಷ್ಟ್ರ ಮಣಿಕಟ್ಟು ಆಗಲೇ ಊದಿತ್ತು. "ಚಿತ್ರ ಬರೆಯೋ ಕೈ ಕಣಮ್ಮಾ," ಎಂದಷ್ಟೇ ಅಂದರು. ಕಿರಿಯಳು ಅವರ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದಳು. ಮುಖದಲ್ಲಿ ಆ ನಗುವಿರಲಿಲ್ಲ. "ನನ್ನದೇ ತಪ್ಪು ಸಾರ್. ಎಲ್ಲರೂ ಹೇಳಿದ್ರು, ನಾನೇ ಕೇಳಲಿಲ್ಲ," ಎಂದು ಅಳುತ್ತಿದ್ದಳು. ಅವಳು ಅಳುವುದನ್ನು ನೋಡಬೇಕೆಂದು ಹಿರಿಯಳು ಎಷ್ಟು ದಿನದಿಂದ ಕಾದಿದ್ದಳೋ. ಈಗ ನೋಡಲಾಗಲಿಲ್ಲ.

"ಗುಂಡ ಅಲ್ಲ," ಎಂದಳು ಹಿರಿಯಳು. ಮಾತು ತಾನಾಗಿಯೇ ಹೊರಬಿತ್ತು. "ಅದು ನಮ್ಮ ಸಾಧು. ನಾನು ಬಿಟ್ಟಿದ್ದೆ."

ಎಲ್ಲರೂ ಸಾಧುವಿನ ಕಡೆ ನೋಡಿದರು. ಅದು ಅವಳ ಜೊತೆಗೇ ಅಲ್ಲಿಗೆ ಬಂದು, ಕಲಿಸಿದ ಪಾಠದಂತೆ, ಬಾಲವನ್ನೂ ಅಲ್ಲಾಡಿಸದೆ ಕೂತಿತ್ತು.

"ಹೋಗಮ್ಮ," ಎಂದ ಕಾವಲುಗಾರ, ದನಿ ಮೆತ್ತಗಾಗಿ. "ನಿಮ್ಮ ನಾಯಿ ನಮಗೆ ಗೊತ್ತಿಲ್ವಾ? ಮನೆಯವರನ್ನ ಬಿಟ್ಟುಕೊಡಬಾರದು ಅಂತ ಹೇಳ್ತಿದೀರ."

ಕಿರಿಯಳು ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ಬೇಡ ಅಕ್ಕ, ನನಗೋಸ್ಕರ ನೀವು ಸುಳ್ಳು ಹೇಳಬೇಡಿ. ನಾನು ನಿಮ್ಮನ್ನ ಎಷ್ಟು ಆಡ್ಕೊಂಡಿದೀನಿ..."

"ಇಲ್ಲ ಕಣೇ, ನಿಜವಾಗ್ಲೂ..."

"ಸಾಕು ಸುಮ್ನಿರು," ಎಂದರು ಹಿಂದಿನಿಂದ ಅತ್ತೆ. ಕುಂಟುತ್ತಾ ಅಲ್ಲಿಯವರೆಗೆ ನಡೆದು ಬಂದಿದ್ದರು. "ನೀನು ಬಿಟ್ಟಿದ್ದೇನೋ ನಿಜ, ಆದ್ರೆ ನಾನು ತಲೆ ಎತ್ತಿದಾಗ ಅದು ನಿನ್ನ ಕಾಲ ಬುಡದಲ್ಲೇ ಕೂತಿತ್ತಲ್ಲೇ, ಮಗು ಥರ." ಆಮೇಲೆ ಕಿರಿಯಳಿಗೆ ಹೇಳಿದರು: "ನೋಡಿದ್ಯಾ? ಮನೆಗೆ ದೊಡ್ಡವಳು ಅಂದ್ರೆ ಹೀಗಿರಬೇಕು. ನನಗೇ ಇಷ್ಟು ದಿನ ತಿಳೀಲಿಲ್ಲ."

ಹೇಳಿ ಹಿರಿಯಳನ್ನು ನೋಡಿದರು. ಅದೇ ನೋಟ. ಕಣ್ಣು ತುಂಬಿಕೊಂಡು, ಇವಳೊಬ್ಬಳೇ ಅಲ್ಲಿದ್ದಾಳೆ ಎಂಬಂತೆ.

ಕಾವಲುಗಾರ ಗುಂಡನ ಕೊರಳಿಗೆ ಕೈಹಾಕಿ ಗೇಟಿನ ಕಡೆ ಎಳೆದುಕೊಂಡು ಹೊರಟ. ಗುಂಡ ಇದೂ ಒಂದು ಆಟವೆಂದುಕೊಂಡು ಕುಣಿಯುತ್ತಾ ಹೋಯಿತು. ಕಿರಿಯಳು ಕಣ್ಣೊರೆಸಿಕೊಳ್ಳುತ್ತಾ ಹಿಂದೆ ಹೋದಳು. ನಾಳೆಯಿಂದ ಅದು ಮಹಡಿಯ ಮೇಲಿನ ಎರಡು ಕೋಣೆಯಲ್ಲೇ ಇರಬೇಕು. ಹಿರಿಯಳು ಇನ್ನೊಂದು ಮಾತು ಗಟ್ಟಿಯಾಗಿ ಆಡಿದ್ದರೆ ಸಾಕಿತ್ತು. ಆಣೆ ಮಾಡಿ ಹೇಳಿದ್ದರೆ ಯಾರೂ ನಂಬದೆ ಇರುತ್ತಿರಲಿಲ್ಲ.

"ಬಾರೇ ದೊಡ್ಡವಳೇ, ಮನೆಗೆ ಹೋಗೋಣ," ಎಂದು ಅತ್ತೆ ಅವಳ ತೋಳು ಹಿಡಿದರು.

ಹಿರಿಯಳು ಚೀಲದಿಂದ ಚೈನು ತೆಗೆದು ಸಾಧುವಿಗೆ ಕಟ್ಟಿದಳು. ಅತ್ತೆಗೆ ನೋವಾಗದ ಹಾಗೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ನಡೆದಳು.